ಕಂಡ ಕಣ್ಣಿನ ಋಣ

(ಚಿಕ್ಕಮ್ಮ 30 ವರ್ಷ ಸಿನಿಮಾ ಸಂಕಲನದ ಕೆಲಸ ಮಾಡಿದವಳು. ಅಕ್ಕನ ಮಗ ತನ್ನ ಮೊದಲ ಕಿರುಚಿತ್ರದ ಚಿತ್ರಕಥೆ ಹಿಡಿದುಕೊಂಡು ಬಂದಿದ್ದಾನೆ. ಸಂಜೆ ಇಬ್ಬರೂ ಕೂತು ಆಲ್ಫ್ರೆಡ್ ಹಿಚ್‌ಕಾಕ್‌ನ ‘ರಿಯರ್ ವಿಂಡೋ’ ನೋಡಿ ಮುಗಿಸಿದ್ದಾರೆ.)

ಹುಡುಗ: ಈಗಲಾದರೂ ಹೇಳು ಚಿಕ್ಕಮ್ಮ, ನನ್ನ ಸ್ಕ್ರಿಪ್ಟ್ ಹೇಗಿದೆ? ಬೆಳಗ್ಗೆ ಓದಿ ಮಡಿಸಿಟ್ಟವಳು ಒಂದು ಮಾತೂ ಆಡದೆ ಈ ಸಿನಿಮಾ ಹಾಕಿ ಕೂರಿಸಿದೆ.

ಚಿಕ್ಕಮ್ಮ: ನಿನ್ನ ಕಥೆ ನೀನೇ ಒಂದು ಸಲ ಬಾಯಲ್ಲಿ ಹೇಳು. ಎಲ್ಲಿ ತೊಡಕಿದೆ ಅನ್ನೋದು ಹೇಳುವವನ ಕಿವಿಗೇ ಮೊದಲು ಬೀಳುತ್ತೆ.

ಹುಡುಗ: ಒಂದು ಹಳೇ ವಠಾರ. ಕೆಲಸಕ್ಕೆ ಅಂತ ಊರಿಂದ ಬಂದ ಹುಡುಗಿ ಅಲ್ಲಿ ಒಂದು ರೂಮು ಬಾಡಿಗೆಗೆ ಹಿಡೀತಾಳೆ. ಸಂಜೆ ಬಂದು ನೋಡಿದರೆ ಬಾಚಣಿಗೆ ಇಟ್ಟ ಜಾಗದಲ್ಲಿ ಇರಲ್ಲ. ಕೆದರಿ ಬಿಟ್ಟು ಹೋದ ಹೊದಿಕೆ ಮಡಿಸಿರುತ್ತೆ. ಅವಳಿಗೆ ಭಯ ಶುರುವಾಗುತ್ತೆ. 20 ನಿಮಿಷದ ಚಿತ್ರ. ಕೊನೇ ಶಾಟಿನಲ್ಲಿ ಮನೆ ಓನರ್ ತನ್ನ ಜೇಬಿನಿಂದ ಇನ್ನೊಂದು ಬೀಗದ ಕೈ ತೆಗೀತಾನೆ. ಅಲ್ಲಿಗೆ ಮುಗೀತು.

ಚಿಕ್ಕಮ್ಮ: ಆ ಇನ್ನೊಂದು ಬೀಗದ ಕೈ ಇರೋದು ನೋಡುವವರಿಗೆ ಎಷ್ಟನೇ ನಿಮಿಷದಲ್ಲಿ ಗೊತ್ತಾಗುತ್ತೆ?

ಹುಡುಗ: ಹತ್ತೊಂಬತ್ತೂವರೆ. ಇಡೀ ಚಿತ್ರದ ಏಟು ಇರೋದೇ ಅಲ್ಲಿ!

ಚಿಕ್ಕಮ್ಮ: ಏಟು ಬೀಳುತ್ತೆ, ಬೇಡ ಅನ್ನಲ್ಲ. ಆದರೆ ಅದೊಂದು ಏಟಿಗಾಗಿ ಅಷ್ಟು ಹೊತ್ತು ಜನರನ್ನ ಬಾಗಿಲ ಹೊರಗೆ ನಿಲ್ಲಿಸಿದ್ದೀಯ. ಹುಡುಗಿ ಹೆದರಿದ್ದಾಳೆ ಅಂತ ಅವರಿಗೆ ಗೊತ್ತು, ಯಾವುದಕ್ಕೆ ಹೆದರಬೇಕು ಅಂತ ಗೊತ್ತಿಲ್ಲ. ಅವಳ ಜೊತೆ ಅವರು ಹೆದರೋದಾದರೂ ಹೇಗೆ?

ಹುಡುಗ: ಮೇಜಿನ ಕೆಳಗಿನ ಬಾಂಬಿನ ಕಥೆ ಹೇಳ್ತೀಯ ಅಂತ ಗೊತ್ತಾಯ್ತು. ಇಬ್ಬರು ಮಾತಾಡ್ತಾ ಕೂತಿದ್ದಾರೆ, ಬಾಂಬ್ ಸಿಡೀತು ಅಂದರೆ ಕೆಲವು ಕ್ಷಣದ ಬೆಚ್ಚು. ಬಾಂಬ್ ಇದೆ ಅಂತ ನಮಗೆ ಮೊದಲೇ ತೋರಿಸಿದರೆ ಕಾಲು ಗಂಟೆಯ ಆತಂಕ. 1962ರಲ್ಲಿ ಹಿಚ್‌ಕಾಕ್ ಫ್ರೆಂಚ್ ನಿರ್ದೇಶಕ ತ್ರುಫೋ ಜೊತೆ ಕೂತು ಹೇಳಿದ್ದು. ನಮ್ಮ ಕ್ಲಾಸಿನಲ್ಲಿ ಎಲ್ಲರಿಗೂ ಬಾಯಿಪಾಠ.

ಚಿಕ್ಕಮ್ಮ: ಬಾಯಿಪಾಠ ಆಗಿದ್ದೂ ನಿನ್ನ ಬೀಗದ ಕೈ ಕೊನೆಗೆ ಬಂತಲ್ಲ. ಅದಕ್ಕೇ ಬಾಂಬಿನ ವಿಷಯ ಬಿಟ್ಟು ಕಿಟಕಿ ತೋರಿಸಿದೆ. ಹೇಳು, ‘ರಿಯರ್ ವಿಂಡೋ’ದಲ್ಲಿ ನಾಯಕ ಮೊದಲ ಮಾತು ಆಡೋ ಹೊತ್ತಿಗೆ ನಿನಗೆ ಏನೇನು ಗೊತ್ತಾಗಿತ್ತು?

ಹುಡುಗ: ನ್ಯೂಯಾರ್ಕಿನ ಬೇಸಿಗೆ. ಉಷ್ಣಮಾಪಕದ ಪಾದರಸ 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದೆ. ಜೇಮ್ಸ್ ಸ್ಟೀವರ್ಟ್ ಕಿಟಕಿಗೆ ಬೆನ್ನು ಹಾಕಿ ಮಲಗಿದ್ದಾನೆ, ಹಣೆಯಲ್ಲಿ ಬೆವರು, ಒಂದು ಕಾಲಿಗೆ ಪ್ಲಾಸ್ಟರ್. ಆಮೇಲೆ ಒಡೆದುಹೋದ ಒಂದು ಕ್ಯಾಮೆರಾ. ಅದರ ಪಕ್ಕ ರೇಸ್ ಕಾರಿನ ಅಪಘಾತದ ಫೋಟೋ, ಒಂದು ಚಕ್ರ ನೇರ ನಮ್ಮ ಮುಖಕ್ಕೇ ಹಾರಿ ಬರ್ತಿದೆ. ಫೋಟೋ ತೆಗೀತಾ ನಿಂತಿದ್ದವನ ಕಾಲು ಮುರಿದದ್ದು ಹೇಗೆ ಅಂತ ಬೇರೆ ಹೇಳಬೇಕಾಗಿಲ್ಲ.

ಚಿಕ್ಕಮ್ಮ: ಇನ್ನೊಂದು ಬಿಟ್ಟೆ. ಚೌಕಟ್ಟಿನೊಳಗೆ ಒಂದು ಹೆಣ್ಣಿನ ಮುಖದ ನೆಗೆಟಿವ್. ಬೆಳಕಿರಬೇಕಾದಲ್ಲಿ ಕಪ್ಪು, ಕಪ್ಪಿರಬೇಕಾದಲ್ಲಿ ಬೆಳಕು. ಪಕ್ಕದಲ್ಲೇ ಪತ್ರಿಕೆಯ ಮುಖಪುಟದಲ್ಲಿ ಅದೇ ಮುಖದ ಪಾಸಿಟಿವ್. ಇವನು ಹೆಣ್ಣನ್ನ ಎದುರಿಗೆ ಕೂರಿಸಿಕೊಂಡು ನೋಡುವವನಲ್ಲ, ಲೆನ್ಸಿನ ಮೂಲಕ ನೋಡುವವನು ಅನ್ನೋದು ಅಲ್ಲೇ ಬಂತು. ಇಷ್ಟಾದ ಮೇಲೆ ಬರುತ್ತೆ ಫೋನಿನ ಮಾತು. ಕಾಲು ಮುರಿದು 6 ವಾರ ಆಯ್ತು, ಪ್ಲಾಸ್ಟರ್ ಬಿಚ್ಚೋಕೆ ಇನ್ನೊಂದೇ ವಾರ ಅಂತ. ಗಡುವು ಒಂದನ್ನ ಮಾತಿಗೆ ಬಿಟ್ಟ. ಉಳಿದದ್ದೆಲ್ಲ ಕಣ್ಣಿಗೆ.

ಹುಡುಗ: ಅವನಿಗೆ ಎಂಥಾ ಸೆಟ್ ಇತ್ತು ನೋಡು. ಪ್ಯಾರಾಮೌಂಟ್ ಸ್ಟುಡಿಯೋದಲ್ಲಿ ನೆಲ ಬಗೆದು, ನೆಲಮಾಳಿಗೆಯನ್ನೇ ಅಂಗಳ ಮಾಡಿ, 31 ಮನೆ ಕಟ್ಟಿದ್ದರಂತೆ. ನನಗಿರೋದು ಒಂದು ರೂಮು.

ಚಿಕ್ಕಮ್ಮ: ಅವನಿಗಿದ್ದದ್ದೂ ಒಂದೇ ರೂಮು ಕಣೋ. 31 ಮನೆ ಕಟ್ಟಿಸಿ, ಕ್ಯಾಮೆರಾವನ್ನ ಹೆಚ್ಚುಕಡಿಮೆ ಒಂದೇ ಮನೆಯೊಳಗೆ ಕೂಡಿ ಹಾಕಿದ. ಎದುರು ಮನೆಯವರ ಮಾತು ನಮಗೆ ಸರಿಯಾಗಿ ಕೇಳಿಸಲ್ಲ. ಕೈ, ಭುಜ, ನಡಿಗೆ, ದೀಪ ಹತ್ತಿದ್ದು, ಪರದೆ ಇಳಿದದ್ದು ಅಷ್ಟೇ. ಹಿಚ್‌ಕಾಕ್ ಕೆಲಸ ಕಲಿತದ್ದು ಮೂಕಿ ಸಿನಿಮಾದ ಕಾಲದಲ್ಲಿ. ಒಂದೊಂದು ಕಿಟಕಿಯಲ್ಲೂ ಒಂದೊಂದು ಮೂಕಿ ಚಿತ್ರ ಇಟ್ಟುಬಿಟ್ಟ. ಹೊಸದಾಗಿ ಮದುವೆಯಾಗಿ ಪರದೆ ಇಳಿಸಿಕೊಂಡವರು ಒಂದು ಕಡೆ, ಇಲ್ಲದ ಅತಿಥಿಗೆ ಊಟದ ಮೇಜು ಅಣಿ ಮಾಡೋ ಒಂಟಿ ಹೆಂಗಸು ಇನ್ನೊಂದು ಕಡೆ, ಕಾಯಿಲೆ ಬಿದ್ದು ಮಲಗಿದ ಹೆಂಡತಿಯ ಜೊತೆ ಜಗಳವಾಡೋ ಗಂಡ ಎದುರಿಗೆ. ಗ್ರೇಸ್ ಕೆಲ್ಲಿಯನ್ನ ಮದುವೆ ಆಗಲೋ ಬೇಡವೋ ಅಂತ ಹಿಂಜರೀತಿರೋ ಗಂಡಸಿಗೆ ಪ್ರತಿ ಕಿಟಕಿಯೂ ಒಂದು ಉತ್ತರ ಕೊಡ್ತಿದೆ.

ಹುಡುಗ: ಹಾಗಾದರೆ ಆ ಗಂಡ ಹೆಂಡತಿಯನ್ನ ಕೊಂದ ಕಥೆ, ನಾಯಕನ ಮದುವೆಯ ಕಥೆ ಎರಡು ಬೇರೆ ಬೇರೆ ಅಲ್ಲ.

ಚಿಕ್ಕಮ್ಮ: ಎರಡೂ ಒಂದು ಬೆರಳಿನಲ್ಲಿ ಬಂದು ಕೂಡುತ್ತೆ. ಗ್ರೇಸ್ ಕೆಲ್ಲಿ ಕೊಲೆಗಾರನ ಮನೆಗೆ ನುಗ್ಗಿ ಸತ್ತವಳ ಮದುವೆ ಉಂಗುರ ಹುಡುಕಿ, ತನ್ನ ಬೆರಳಿಗೆ ಹಾಕಿಕೊಂಡು, ಬೆನ್ನ ಹಿಂದೆ ಕೈ ಮಾಡಿ ತೋರಿಸ್ತಾಳಲ್ಲ. ಸಾಕ್ಷಿ ಸಿಕ್ಕಿತು ಅನ್ನೋದು ಒಂದು. ಉಂಗುರ ಬಂತು ನೋಡು ಅನ್ನೋದು ಇನ್ನೊಂದು. ತ್ರುಫೋಗೆ ಈ ಚಿತ್ರದಲ್ಲಿ ಬಹಳ ಹಿಡಿಸಿದ್ದು ಈ ಎರಡು ಅರ್ಥವೇ. ನನಗೆ ಅದಕ್ಕಿಂತ ಮುಖ್ಯ ಅದರ ಮರುಕ್ಷಣ. ಅದಕ್ಕೆ ಆಮೇಲೆ ಬರ್ತೀನಿ. ಈಗ ನಿನ್ನನ್ನ ಒಂದು ಪ್ರಶ್ನೆ ಕೇಳ್ತೀನಿ. ಮಳೆ ಬಂದ ರಾತ್ರಿ, ನಾಯಕ ನಿದ್ದೆ ಹೋದಾಗ ಏನಾಯ್ತು?

ಹುಡುಗ: ಎದುರು ಮನೆಯವನು ಬಾಗಿಲು ತೆಗೆದು ಹೊರಟ. ಜೊತೆಗೆ ಕಪ್ಪು ಬಟ್ಟೆಯ ಒಬ್ಬ ಹೆಂಗಸು.

ಚಿಕ್ಕಮ್ಮ: ಅದನ್ನ ಕಂಡವರು ಯಾರು?

ಹುಡುಗ: ನಾವು. ನಾವು ಮಾತ್ರ. ಅವನು ಕುರ್ಚಿಯಲ್ಲೇ ಮಲಗಿದ್ದ.

ಚಿಕ್ಕಮ್ಮ: ಅಷ್ಟು ಹೊತ್ತು ಅವನ ಕಣ್ಣಿನಿಂದಲೇ ನೋಡಿಸಿದವನು ಅಲ್ಲೊಂದು ಸಲ ಅವನನ್ನ ದಾಟಿ ನಮಗೆ ತೋರಿಸಿಬಿಟ್ಟ. ನೀನಾಗಿದ್ದರೆ ಆ ಶಾಟನ್ನ ಮುಚ್ಚಿಡ್ತಿದ್ದೆ.

ಹುಡುಗ: ಖಂಡಿತ. ಅದು ತೋರಿಸಿದರೆ ಹೆಂಡತಿ ಬದುಕಿದ್ದಾಳೆ ಅನ್ನಿಸುತ್ತಲ್ಲ. ಕೊಲೆಯೇ ಆಗಿಲ್ಲ ಅಂದಮೇಲೆ ಕಥೆ ಎಲ್ಲಿ?

ಚಿಕ್ಕಮ್ಮ: ಕಥೆ ಗಟ್ಟಿಯಾಗಿದ್ದೇ ಅಲ್ಲಿ. ಬೆಳಗಾದ ಮೇಲೆ ನಾಯಕ ಆ ಮನುಷ್ಯನ ಮೇಲೆ ಅನುಮಾನ ಪಟ್ಟಷ್ಟೂ ನಿನಗೆ ಕಸಿವಿಸಿ. ಅವನನ್ನ ನಂಬೋಣ ಅಂದರೆ ಕಣ್ಣಾರೆ ಕಂಡದ್ದು ಬಿಡಲ್ಲ. ಬಿಡೋಣ ಅಂದರೆ ಮಳೆಯಲ್ಲಿ ಪೆಟ್ಟಿಗೆ ಹಿಡಿದು ಅಷ್ಟು ಸಲ ಓಡಾಡಿದ್ದೂ ಸುಳ್ಳಲ್ಲ. ಒಬ್ಬ ನಿರಪರಾಧಿಯ ಮನೆಯೊಳಗೆ ಇಣುಕ್ತಾ ಕೂತಿದ್ದೀವಾ ಅಂತ ಮನಸ್ಸು ಚುಚ್ಚುತ್ತೆ. ಆ ಹೆಂಗಸು ಯಾರು ಅಂತ ಮಾತ್ರ ಹೇಳಲಿಲ್ಲ. ಗಂಡನ ಜೊತೆ ಹೋದವಳು ಹೆಂಡತಿಯೇ ಅಂತ ತೀರ್ಮಾನ ಮಾಡಿಕೊಂಡದ್ದು ನಾವು. ತೋರಿಸೋದು ಬೇರೆ, ಅರ್ಥ ಬಿಡಿಸಿ ಹೇಳೋದು ಬೇರೆ. ಒಳ್ಳೆ ಸಸ್ಪೆನ್ಸ್ ಕಣ್ಣಿಗೆ ಏನನ್ನೂ ಕಡಿಮೆ ಮಾಡಲ್ಲ. ಅರ್ಥವನ್ನ ತಡ ಮಾಡುತ್ತೆ.

ಹುಡುಗ: ಇಲ್ಲಿ ನಾನು ಒಪ್ಪಲ್ಲ. ‘ಸೈಕೋ’ ತಗೋ. 1960ರಲ್ಲಿ ಹಿಚ್‌ಕಾಕ್ ಮಾಡಿದ್ದೇ. ಅಮ್ಮನ ಗುಟ್ಟನ್ನ ಕೊನೇವರೆಗೂ ಮುಚ್ಚಿಟ್ಟೇ ಜಗತ್ತನ್ನ ಬೆಚ್ಚಿಬೀಳಿಸಿದ. ಅದು ನನ್ನ ಬೀಗದ ಕೈ ಥರಾನೇ ಅಲ್ವಾ?

ಚಿಕ್ಕಮ್ಮ: ಅಮ್ಮ ಕಿಟಕಿಯ ಬೆಳಕಿನಲ್ಲಿ ಕಾಣಿಸಿಕೊಳ್ಳಲಿಲ್ವಾ? ಅವಳ ದನಿ ಕೇಳಿಸಲಿಲ್ವಾ? ಮಗ ಅವಳನ್ನ ಎತ್ತಿಕೊಂಡು ಮೆಟ್ಟಿಲಿಳಿದದ್ದನ್ನ ನೀನೇ ನೋಡಿದ್ದೀಯ. ಕ್ಯಾಮೆರಾ ಮೆಟ್ಟಿಲ ಪಕ್ಕದಿಂದ ಏರಿ ಏರಿ ಸೂರಿಗೆ ಹೋಗಿ ನಿಂತು ಮೇಲಿಂದ ತೋರಿಸಿತು. ಮುಖ ಕಾಣದ ಹಾಗೆ, ಆದರೆ ಅಮ್ಮ ಇದ್ದಾಳೆ ಅನ್ನೋದು ಕಾಣೋ ಹಾಗೆ. ಅಷ್ಟೂ ತೋರಿಸಿಯೇ ಮುಚ್ಚಿಟ್ಟ. ನಿನ್ನ ಚಿತ್ರದಲ್ಲಿ ಆ ಎರಡನೇ ಬೀಗದ ಕೈ ಕೊನೆಯವರೆಗೂ ಒಂದು ಸಲವಾದರೂ ಕಣ್ಣಿಗೆ ಬಿದ್ದಿದೆಯಾ?

ಹುಡುಗ: ಇಲ್ಲ.

ಚಿಕ್ಕಮ್ಮ: ಇನ್ನೊಂದು ಮಾತು. ‘ಸೈಕೋ’ದಲ್ಲಿ ನಿನಗೆ ನಿಜವಾಗಿ ಉಸಿರು ಕಟ್ಟಿದ್ದು ಯಾವಾಗ ಅಂತ ನೆನಪು ಮಾಡಿಕೋ. ಅಮ್ಮನ ಗುಟ್ಟು ಒಡೆದಾಗ ಬೆಚ್ಚಿಬಿದ್ದೆ ಸರಿ. ಆದರೆ ಕಾರು ಕೆಸರಿನಲ್ಲಿ ಮುಳುಗೋ ಹೊತ್ತು?

ಹುಡುಗ: ಅಯ್ಯೋ ಹೌದು. ಮುಳುಗ್ತಾ ಮುಳುಗ್ತಾ ಒಂದು ಕ್ಷಣ ನಿಂತುಬಿಡುತ್ತೆ. ಆ ಮಗ ಸುತ್ತ ನೋಡ್ತಾನೆ. ಮುಳುಗಲಿ ಅಂತ ನಾನೇ ಮನಸ್ಸಲ್ಲಿ ಹೇಳಿಕೊಂಡೆ.

ಚಿಕ್ಕಮ್ಮ: ಆ ಕಾರಿನಲ್ಲಿ ಏನಿದೆ ಅಂತ ನಿನಗೆ ಗೊತ್ತಿತ್ತು. ಅಲ್ಲಿಯವರೆಗೆ ಯಾರ ಕಥೆ ಅಂತ ನಂಬಿಕೊಂಡು ಬಂದಿದ್ದೆಯೋ ಆ ಹೆಣ್ಣಿನ ಹೆಣ. ಪತ್ರಿಕೆಯಲ್ಲಿ ಸುತ್ತಿದ 40,000 ಡಾಲರ್. ಆದರೂ ಮುಳುಗಲಿ ಅಂದೆ. ಸಿನಿಮಾ ಅರ್ಧ ಮುಟ್ಟೋಕೆ ಮೊದಲೇ ನಾಯಕಿಯನ್ನ ಕೊಂದು, ನಿನ್ನ ಮನಸ್ಸನ್ನ ಎತ್ತಿ ಇನ್ನೊಬ್ಬನ ಮಡಿಲಿಗೆ ಹಾಕಿದ. ಇದು ಗುಟ್ಟಿನಿಂದ ಆಗೋ ಕೆಲಸವಲ್ಲ. ಗೊತ್ತಿರೋದರಿಂದಲೇ ಆಗೋದು.

ಹುಡುಗ: ಆದರೂ ಕೊನೆ ಗೊತ್ತಾದಮೇಲೆ ಜನ ಯಾಕೆ ಕೂತಿರ್ತಾರೆ ಅನ್ನೋದೇ ನನ್ನ ಹೆದರಿಕೆ.

ಚಿಕ್ಕಮ್ಮ: ನಿನ್ನ ಚಿಕ್ಕಪ್ಪನ ಊರು ಸಾಗರದ ಕಡೆ. ಮದುವೆಯಾದ ಹೊಸದರಲ್ಲಿ ಅಲ್ಲಿ ಬಯಲಾಟಕ್ಕೆ ಕರ್ಕೊಂಡು ಹೋಗಿದ್ದರು. ಅಭಿಮನ್ಯು ಕಾಳಗ. ಚಕ್ರವ್ಯೂಹದೊಳಗೆ ಹೋದ ಹುಡುಗ ಹೊರಗೆ ಬರಲ್ಲ ಅಂತ ತೊಟ್ಟಿಲ ಕೂಸು ಬಿಟ್ಟು ಅಲ್ಲಿದ್ದ ಎಲ್ಲರಿಗೂ ಗೊತ್ತು. ಆದರೂ ಅವನು ಅಮ್ಮನಿಗೆ ಹೋಗಿ ಬರ್ತೀನಿ ಅಂದಾಗ ನನ್ನ ಪಕ್ಕ ಕೂತಿದ್ದ ಮುದುಕಿ ‘ಬ್ಯಾಡ ಮಗಾ’ ಅಂದಳು. ಮುಂದೇನು ಅನ್ನೋದು ಅವಳ ಪ್ರಶ್ನೆಯೇ ಅಲ್ಲ. ಗೊತ್ತಿದ್ದೂ ತಡೆಯೋಕಾಗದಿರೋ ಸಂಕಟ ಅದು. ಹಿಚ್‌ಕಾಕ್ ‘ವರ್ಟಿಗೋ’ದಲ್ಲಿ ಅದನ್ನೇ ನೆಚ್ಚಿಕೊಂಡ. ಮೂಲ ಕಾದಂಬರಿಯಲ್ಲಿ, ನಾಯಕ ಬೇರೆ ಬೇರೆ ಅಂದುಕೊಂಡ ಎರಡು ಹೆಣ್ಣೂ ಒಬ್ಬಳೇ ಅನ್ನೋದು ಗೊತ್ತಾಗೋದು ಕೊನೆಯಲ್ಲಿ. ಇವನು 1958ರಲ್ಲಿ ಸಿನಿಮಾ ಮಾಡಿದಾಗ ಆ ಗುಟ್ಟನ್ನ ಇನ್ನೂ ಬೇಕಾದಷ್ಟು ಕಥೆ ಉಳಿದಿರುವಾಗಲೇ, ಅವಳು ಬರೆದು ಹರಿದುಹಾಕೋ ಒಂದು ಕಾಗದದಲ್ಲಿ ಬಿಟ್ಟುಕೊಟ್ಟ. ಆಮೇಲೆ ನಾವು ಕಾಯೋದು ‘ಇವಳು ಯಾರು’ ಅಂತಲ್ಲ. ‘ಇವನಿಗೆ ಗೊತ್ತಾದ ದಿನ ಇವಳ ಗತಿಯೇನು’ ಅಂತ.

ಹುಡುಗ: ಸರಿ. ಹಾಗಾದರೆ ಬೀಗದ ಕೈಯನ್ನ ಮೂರನೇ ನಿಮಿಷಕ್ಕೇ ತೋರಿಸಿಬಿಡ್ತೀನಿ. ಒಂದು ದೊಡ್ಡ ಕ್ಲೋಸಪ್.

ಚಿಕ್ಕಮ್ಮ: ತಡಿ. ಹೇಗೆ ತೋರಿಸ್ತೀಯ ಅನ್ನೋದರಲ್ಲೂ ಅರ್ಧ ಕಥೆ ಇದೆ. ‘ನಟೋರಿಯಸ್’, 1946. ದೊಡ್ಡ ಮನೆ, ಪಾರ್ಟಿ ನಡೀತಿದೆ. ಕ್ಯಾಮೆರಾ ಮೇಲಿನ ಮಹಡಿಯ ಎತ್ತರದಿಂದ ಇಡೀ ಹಜಾರವನ್ನ ನೋಡ್ತಾ ಶುರುಮಾಡಿ, ಎಲ್ಲೂ ಕಟ್ ಆಗದೆ ಇಳಿದು ಇಳಿದು ಇಂಗ್ರಿಡ್ ಬರ್ಗ್‌ಮನ್ ಮುಷ್ಟಿಗೆ ಬಂದು ನಿಲ್ಲುತ್ತೆ. ಮುಷ್ಟಿಯೊಳಗೆ ಗಂಡನಿಂದ ಕದ್ದ ಬೀಗದ ಕೈ. ಸಂಕಲನದವಳಾಗಿ ಹೇಳ್ತೀನಿ ಕೇಳು. ಹಜಾರ ಒಂದು ಶಾಟ್, ಬೀಗದ ಕೈ ಒಂದು ಶಾಟ್ ಅಂತ ಎರಡು ತುಂಡು ಕೊಟ್ಟಿದ್ದರೂ ನಾನು ಜೋಡಿಸಿ ಅದೇ ವಿಷಯ ತಿಳಿಸ್ತಿದ್ದೆ. ಆದರೆ ಇಷ್ಟು ಜನರ ನಗು, ದೀಪ, ಗದ್ದಲದ ನಡುವೆ ಇಷ್ಟೇ ಇಷ್ಟು ಲೋಹದ ಚೂರಿನ ಮೇಲೆ ಒಂದು ಜೀವ ನಿಂತಿದೆ ಅನ್ನೋದು ಬರ್ತಿರಲಿಲ್ಲ. ಅಲ್ಲಿ ಕತ್ತರಿಗೆ ಕೆಲಸವಿಲ್ಲ.

ಹುಡುಗ: ಆ ಪಾರ್ಟಿಯಲ್ಲಿ ಶಾಂಪೇನ್ ಬಾಟಲಿ ಕಡಿಮೆ ಆಗ್ತಾ ಬರುತ್ತಲ್ಲ?

ಚಿಕ್ಕಮ್ಮ: ಅದೇ ಗಡಿಯಾರ. ಬಾಟಲಿ ಮುಗಿದರೆ ಗಂಡ ನೆಲಮಾಳಿಗೆಗೆ ಇಳೀತಾನೆ, ಬೀಗದ ಕೈ ಹುಡುಕ್ತಾನೆ. ಮದುವೆ ಮನೆಯಲ್ಲಿ ಹೊಸ ಪಂಕ್ತಿ ಕೂರೋ ಹೊತ್ತಿಗೆ ಅನ್ನ ತಳ ಕಂಡರೆ ಹೆಣ್ಣಿನ ಅಪ್ಪನ ಎದೆ ಹೇಗೆ ಹೊಡೆದುಕೊಳ್ಳುತ್ತೆ, ಹಾಗೆ. ಆಮೇಲಿನದು ಇನ್ನೂ ಚೆಂದ. ರಾತ್ರಿ ಗೊಂಚಲಿನಲ್ಲಿ ಆ ಒಂದು ಬೀಗದ ಕೈ ಇರಲಿಲ್ಲ, ಬೆಳಗ್ಗೆ ಎದ್ದು ನೋಡಿದರೆ ಇದೆ. ಹೆಂಡತಿ ತನಗೆ ಎರಡು ಬಗೆದಳು ಅಂತ ಅವನಿಗೆ ಗೊತ್ತಾಗೋಕೆ ಶುರುವಾಗೋದು ಅಲ್ಲಿಂದಲೇ. ಒಂದು ಮಾತಿಲ್ಲ.

ಹುಡುಗ: ಹಾಗಾದರೆ ನನ್ನ ಓನರ್ ಗೊಂಚಲಲ್ಲೂ ಒಂದು ಕೈ ಇರೋದು, ಇಲ್ಲದಿರೋದು ಇಷ್ಟೇ ಸಾಕು. ಹುಡುಗಿ ರಾತ್ರಿ ಬಾಗಿಲು ಹಾಕಿ, ಎರಡು ಸಲ ಎಳೆದು ನೋಡ್ತಾಳೆ. ಮೊದಲಿನ ಸ್ಕ್ರಿಪ್ಟಿನಲ್ಲೂ ಈ ಶಾಟ್ ಇತ್ತು, ಸುಮ್ಮನೆ ಇತ್ತು. ಈಗ ನೋಡುವವರಿಗೆ ಆ ಬೀಗ ಬೀಗವೇ ಅಲ್ಲ ಅಂತ ಗೊತ್ತಿರುತ್ತೆ.

ಚಿಕ್ಕಮ್ಮ: ಅದೇ ಶಾಟ್, ಅದೇ ನಟಿ, ಅದೇ ಬೆಳಕು. ಹಿಂದಿನ ಒಂದು ಶಾಟ್ ಇದರ ಅರ್ಥ ಬದಲಾಯಿಸಿತು. ರಷ್ಯದ ಕುಲೆಷೊವ್ ತೋರಿಸಿಕೊಟ್ಟದ್ದೂ ಇದನ್ನೇ. ಒಬ್ಬ ನಟನ ಒಂದೇ ಮುಖದ ಪಕ್ಕ ಊಟದ ಬಟ್ಟಲು ಇಟ್ಟರೆ ಹಸಿವು ಕಂಡಿತು, ಶವಪೆಟ್ಟಿಗೆ ಇಟ್ಟರೆ ದುಃಖ ಕಂಡಿತು. ಸ್ಟೀವರ್ಟ್ ಸಿನಿಮಾ ಪೂರ್ತಿ ಮಾಡಿದ್ದು ಏನು? ನೋಡ್ತಾನೆ. ಅವನು ನೋಡಿದ್ದು ಕಾಣುತ್ತೆ. ಮತ್ತೆ ಅವನ ಮುಖ. ಮೂರು ತುಂಡು. ಅರ್ಥ ಹುಟ್ಟೋದು ತುಂಡುಗಳಲ್ಲಲ್ಲ, ನೋಡುವವನ ತಲೆಯೊಳಗೆ.

ಹುಡುಗ: ಬೀಗದ ಕೈ ತೋರಿಸಿದ ಮೇಲೆ ಓನರ್ ಕೊನೆಗೆ ಅವಳಿಗೇನಾದರೂ ಮಾಡಲೇಬೇಕಾ? ಬಾಂಬ್ ಇಟ್ಟಮೇಲೆ ಸಿಡಿಯಲೇಬೇಕಾ?

ಚಿಕ್ಕಮ್ಮ: ಹಿಚ್‌ಕಾಕ್ ಒಂದು ಸಲ ಸಿಡಿಸಿದ. 1936ರ ‘ಸಬೋಟಾಜ್’. ಏನೂ ಅರಿಯದ ಹುಡುಗ ಲಂಡನ್ನಿನ ಬೀದಿಯಲ್ಲಿ ಪೊಟ್ಟಣ ಹಿಡಿದು ಹೋಗ್ತಾನೆ, ಅದರಲ್ಲಿ ಬಾಂಬ್ ಇದೆ ಅಂತ ನಮಗೆ ಗೊತ್ತು. ಅವನು ಅಲ್ಲಿ ಇಲ್ಲಿ ತಡ ಮಾಡಿದಷ್ಟೂ ನಮ್ಮ ಪ್ರಾಣ ಹೋಗುತ್ತೆ. ಕೊನೆಗೆ ಬಸ್ಸಿನಲ್ಲಿ ಸಿಡಿದೇಬಿಡುತ್ತೆ, ಹುಡುಗ ಸಾಯ್ತಾನೆ. ಹಾಗೆ ಮಾಡಿದ್ದು ತಪ್ಪು ಅಂತ ಅವನೇ ತ್ರುಫೋ ಹತ್ತಿರ ಒಪ್ಪಿಕೊಂಡ. ಅಷ್ಟು ಹೊತ್ತು ಆ ಹುಡುಗನನ್ನ ಎದೆಯಲ್ಲಿ ಹೊತ್ತು ನಡೆದವರಿಗೆ ಅದು ಮೋಸ. ಸಿಡೀಬೇಕು ಸಿಡೀಬಾರದು ಅಂತ ನಿಯಮವಿಲ್ಲ. ನೋಡುವವರ ಮೇಲೆ ಒಂದು ಭಾರ ಹೊರಿಸಿದ ಮೇಲೆ, ಹೊತ್ತದ್ದಕ್ಕೆ ಅರ್ಥ ಬರೋ ಹಾಗೆ ಇಳಿಸಬೇಕು.

ಹುಡುಗ: ‘ರಿಯರ್ ವಿಂಡೋ’ದಲ್ಲಿ ಅದನ್ನ ಎಲ್ಲಿ ಇಳಿಸಿದ?

ಚಿಕ್ಕಮ್ಮ: ಉಂಗುರದ ಮರುಕ್ಷಣಕ್ಕೆ ಬರ್ತೀನಿ ಅಂದಿದ್ದೆ. ಅವಳ ಬೆರಳು ಆಡೋದನ್ನ ಕೊಲೆಗಾರ ಗಮನಿಸ್ತಾನೆ. ಯಾರಿಗೆ ಸನ್ನೆ ಮಾಡ್ತಿದ್ದಾಳೆ ಅಂತ ತಲೆ ಎತ್ತಿ, ಅಂಗಳದ ಈಚೆಗೆ, ನೇರ ಲೆನ್ಸಿನೊಳಗೆ ನೋಡ್ತಾನೆ. ಅಷ್ಟು ಹೊತ್ತು ನಾವು ನೋಡ್ತಿದ್ದೆವು. ಈಗ ಅವನು ನಮ್ಮನ್ನ ನೋಡಿದ. ಆಮೇಲೆ ಕತ್ತಲ ರೂಮಿಗೆ ಬಂದು ನಿಂತು, ನಿನಗೆ ನನ್ನಿಂದ ಏನು ಬೇಕು ಅಂತ ಕೇಳಿದಾಗ ನಾಯಕನ ಹತ್ತಿರ ಉತ್ತರವಿಲ್ಲ. ಫ್ಲಾಶ್ ಬಲ್ಬ್ ಮಾತ್ರ ಇದೆ. ನೋಡೋದನ್ನೇ ಕಸುಬು ಮಾಡಿಕೊಂಡವನು ಇನ್ನೊಬ್ಬನ ಕಣ್ಣು ಕುಕ್ಕಿಸಿ ತನ್ನ ಜೀವ ಹಿಡಿದುಕೊಳ್ಳಬೇಕು.

ಹುಡುಗ: ನನಗೆ ಮೈ ನಡುಗಿದ್ದು ಬೇರೆ ಕಡೆ ಚಿಕ್ಕಮ್ಮ. ನೆರೆಮನೆಯ ನಾಯಿ ಸತ್ತ ರಾತ್ರಿ. ಅದರ ಒಡತಿ ಕಿರುಚಿಕೊಂಡಾಗ ಕ್ಯಾಮೆರಾ ನಾಯಕನ ರೂಮು ಬಿಟ್ಟು ಅಂಗಳಕ್ಕೇ ಇಳೀತು. ಎಲ್ಲರ ಮುಖ ಹತ್ತಿರದಿಂದ ಕಂಡಿತು. ಎಲ್ಲರೂ ಹೊರಗೆ ಬಂದರು, ಒಬ್ಬನ ಕಿಟಕಿ ಮಾತ್ರ ಕತ್ತಲು. ಆ ಕತ್ತಲಲ್ಲಿ ಸಿಗರೇಟಿನ ಕೆಂಡ.

ಚಿಕ್ಕಮ್ಮ: ಹೂಂ. ನೆರೆಹೊರೆ ಅಂದರೇನು ಅಂತಲೇ ನಿಮಗೆ ಗೊತ್ತಿಲ್ಲ ಅಂತ ಅವಳು ಇಡೀ ಅಂಗಳಕ್ಕೇ ಅಲ್ಲಿ ಕೂಗಿ ಹೇಳ್ತಾಳೆ. ಸ್ವಲ್ಪ ಹೊತ್ತು ನಿಂತು ಕೇಳಿಸಿಕೊಂಡು ಎಲ್ಲರೂ ಒಳಗೆ ಹೋಗ್ತಾರೆ.

ಹುಡುಗ: ಯಾಕೆ ಸುಮ್ಮನಾದೆ?

ಚಿಕ್ಕಮ್ಮ: ನಾವು ಚಿಕ್ಕವರಿದ್ದಾಗ ಇದ್ದದ್ದೂ ವಠಾರವೇ. ನಿಮ್ಮಮ್ಮನಿಗೂ ನೆನಪಿರುತ್ತೆ. ಎದುರು ಸಾಲಿನ ಮನೆಯಲ್ಲಿ ಒಬ್ಬಾಕೆ ಇದ್ದರು. ರಾತ್ರಿ ಅವರ ಗಂಡ ಬಂದಮೇಲೆ ಅಳು ಕೇಳಿಸ್ತಿತ್ತು. ನಮ್ಮನೆಯಲ್ಲಿ ರೇಡಿಯೋ ಸದ್ದು ಜೋರು ಮಾಡ್ತಿದ್ದರು. ಬೆಳಗ್ಗೆ ನಲ್ಲಿ ಹತ್ತಿರ ಆಕೆ ಕೈಬಳೆವರೆಗೂ ಸೆರಗು ಎಳೆದುಕೊಂಡು ನೀರು ಹಿಡೀತಿದ್ದರು. ನಾನು ನೋಡಿದ್ದೆ. ಎಲ್ಲರೂ ನೋಡಿದ್ದರು. ಒಂದು ದಿನ ಮನೆ ಖಾಲಿ ಮಾಡಿಕೊಂಡು ಹೋದರು, ಅಷ್ಟೇ. ಸಸ್ಪೆನ್ಸ್ ಅನ್ನೋದು ಬರೀ ಕುತೂಹಲದ ಆಟ ಅಂತ ಯಾರಾದರೂ ಅಂದರೆ ನನಗೆ ಆ ಸೆರಗು ನೆನಪಾಗುತ್ತೆ. ಕಂಡಮೇಲೆ ಕಂಡವರ ಮೇಲೆ ಒಂದು ಋಣ ಬೀಳುತ್ತೆ ಕಣೋ. ಈ ಚಿತ್ರಗಳ ಬಲವೆಲ್ಲ ಇರೋದು ಆ ಋಣದಲ್ಲಿ. ಕುರ್ಚಿಯಲ್ಲಿ ಕೂತವನಿಗೆ ಎದ್ದು ಹೋಗಿ ತಡೆಯೋಕಾಗಲ್ಲ. ಆದರೆ ತಡೆಯಬೇಕಿತ್ತು ಅಂತ ಅನ್ನಿಸಿದರೆ ನಿರ್ದೇಶಕ ಗೆದ್ದ.

ಹುಡುಗ: ಚಿಕ್ಕಮ್ಮ, ನನ್ನ ಕಥೆಯಲ್ಲಿ ಒಬ್ಬರು ಕಮ್ಮಿ.

ಚಿಕ್ಕಮ್ಮ: ಯಾರು?

ಹುಡುಗ: ಬೀಗದ ಕೈಯನ್ನ ನೋಡುವವರಿಗೆ ಬರೀ ಕ್ಯಾಮೆರಾ ತೋರಿಸೋದು ಬೇಡ. ವಠಾರದಲ್ಲಿ ಹತ್ತು ಹನ್ನೊಂದು ವರ್ಷದ ಒಂದು ಹುಡುಗಿ. ತಾರಸಿಯಲ್ಲಿ ಬಟ್ಟೆ ಒಣಹಾಕ್ತಾ ಇರ್ತಾಳೆ. ಎರಡು ಸೀರೆಗಳ ಸಂದಿಯಿಂದ ಕೆಳಗೆ ನೋಡ್ತಾಳೆ. ಮಧ್ಯಾಹ್ನ, ರೂಮಿಗೆ ಬೀಗ ಇದೆ. ಓನರ್ ಗೊಂಚಲು ತೆಗೆದು, ಬೀಗ ಬಿಚ್ಚಿ ಒಳಗೆ ಹೋಗ್ತಾನೆ. ಅದು ಮೂರನೇ ನಿಮಿಷ. ಅಲ್ಲಿಂದ ಮುಂದೆ ಬಾಡಿಗೆ ಹುಡುಗಿ ಸಂಜೆ ಬಂದಾಗೆಲ್ಲ ಈ ಮಗು ಎಲ್ಲೋ ಒಂದು ಕಡೆ ಇರುತ್ತೆ. ಮೆಟ್ಟಿಲ ಮೇಲೆ, ನಲ್ಲಿ ಹತ್ತಿರ. ಒಂದು ಸಲ ಬಾಯಿ ತೆರೆಯುತ್ತೆ, ಅಷ್ಟರಲ್ಲಿ ಅವರಮ್ಮ ಒಳಗಿಂದ ಕೂಗ್ತಾಳೆ.

ಚಿಕ್ಕಮ್ಮ: ಓನರ್ ಆ ಮಗುವನ್ನ ನೋಡ್ತಾನಾ?

ಹುಡುಗ: ನೋಡಬೇಕು. ಹತ್ತನೇ ನಿಮಿಷದ ಹೊತ್ತಿಗೆ. ಒಣಗಿದ ಸೀರೆಯನ್ನ ಯಾರೋ ಎಳೆದುಕೊಂಡು ಹೋಗ್ತಾರೆ, ಮರೆ ಹೋಗಿಬಿಡುತ್ತೆ. ಅವನು ತಲೆ ಎತ್ತುತ್ತಾನೆ.

ಚಿಕ್ಕಮ್ಮ: ಕೊನೆಗೆ ಆ ಮಗು ಬಾಯಿ ಬಿಡುತ್ತಾ?

ಹುಡುಗ: ಗೊತ್ತಿಲ್ಲ ಚಿಕ್ಕಮ್ಮ.

ಚಿಕ್ಕಮ್ಮ: ಗೊತ್ತಾಗೋವರೆಗೆ ಶೂಟಿಂಗಿಗೆ ದಿನ ಇಟ್ಟುಕೋಬೇಡ. ಪೆನ್ನು ತಗೋ, ತಾರಸಿಯ ಸೀನ್ ಈಗಲೇ ಬರಿ. ನಾನು ಕಾಫಿ ಮಾಡಿಕೊಂಡು ಬರ್ತೀನಿ. ಆ ಮೇಲಿನ ಕಿಟಕಿ ಮುಚ್ಚಬೇಡ, ಹಾಗೇ ಇರಲಿ.